ಆಹಾರ ಭದ್ರತೆಯ ನಾಲ್ಕು ಅಂಗಗಳು: ನಾನು ಎಡವಿದ್ದು ಮೂರನೆಯದರಲ್ಲಿ

1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯ ವ್ಯಾಖ್ಯಾನದಿಂದ ಲಭ್ಯತೆ, ಕೈಗೆಟುಕುವಿಕೆ, ಬಳಕೆ, ಸ್ಥಿರತೆ ಎಂಬ ನಾಲ್ಕು ಅಂಗಗಳನ್ನು ಹೇಳುತ್ತಾರೆ. ಉಡುಪಿಯ ಬೈಲುಗದ್ದೆಯಲ್ಲಿ ಏಣೆಲು (ಮಳೆಗಾಲದ ಬೆಳೆ) ಭತ್ತ ಬೆಳೆದರೆ ಲಭ್ಯತೆ, ಅದು ಗೇಯ್ದವರ ಮನೆಗೂ ತಲುಪಿದರೆ ಕೈಗೆಟುಕುವಿಕೆ, ಮಳೆ ಕೈಕೊಟ್ಟ ವರ್ಷವೂ ಗಂಜಿ ತಪ್ಪದಿದ್ದರೆ ಸ್ಥಿರತೆ.

ಬಳಕೆ ಎಂದರೆ ಅಡುಗೆ ಮಾಡಿ ಉಣ್ಣುವುದು ಎಂದೇ ನಾನು ತಿಳಿದಿದ್ದೆ. ಆದ್ದರಿಂದ, ಭತ್ತ ಬೆಳೆಯುವ ಹೆಂಗಸಿಗೇ ರಕ್ತಹೀನತೆ ಏಕೆ ಎಂಬ ಪ್ರಶ್ನೆಗೆ, ಇಳುವರಿ ಹೆಚ್ಚಬೇಕು ಎಂದು ಉತ್ತರ ಬರೆದುಬಿಟ್ಟೆ. ಬಳಕೆಯ ಲೆಕ್ಕ ಬಟ್ಟಲಿನಲ್ಲಿ ಮುಗಿಯುವುದಿಲ್ಲ. ಉಂಡದ್ದು ಮೈಗೆ ಹತ್ತಿತೇ ಎಂಬುದೇ ಅದರ ಪ್ರಶ್ನೆ. ಹರಿವೆ ಸೊಪ್ಪಿನಲ್ಲಿ ಕಬ್ಬಿಣಾಂಶವಿದೆ, ಆದರೆ ಸೊಪ್ಪಿನ ಕಬ್ಬಿಣವನ್ನು ದೇಹವು ಮೀನಿನದ್ದರಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ಲಿಂಬೆರಸವಿದ್ದರೆ ಹೀರುವಿಕೆ ಹೆಚ್ಚುತ್ತದೆ, ಊಟದೊಡನೆಯೇ ಚಹಾ ಕುಡಿದರೆ ಕುಗ್ಗುತ್ತದೆ. ಇನ್ನೊಂದು ಕೊಂಡಿಯನ್ನು ನಾನು ಊಹಿಸಿಯೂ ಇರಲಿಲ್ಲ: ಮಲದಿಂದ ಕಲುಷಿತವಾದ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವವರ ಚರ್ಮದ ಮೂಲಕ ಕೊಕ್ಕೆಹುಳುವಿನ ಮರಿಗಳು ಒಳಸೇರುತ್ತವೆ, ಬೆಳೆದ ಹುಳುಗಳು ಕರುಳಿನಲ್ಲಿ ರಕ್ತ ಹೀರುತ್ತವೆ. ಹೀಗಾಗಿ ಶೌಚಾಲಯ, ಶುದ್ಧ ನೀರು, ಜಂತುಹುಳುವಿನ ಮಾತ್ರೆ ಇವೂ ಕೃಷಿಕ ಮಹಿಳೆಗೆ ನೀಡುವ ಪೌಷ್ಟಿಕತೆಯ ನೆರವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇದನ್ನು ಅಕ್ಕಿಯ ಕೊರತೆಯೊಂದರಿಂದಲೇ ವಿವರಿಸಲಾಗದು ಎಂಬುದು ನನಗೆ ಈಗ ಸ್ಪಷ್ಟ. 

ನೆರವು ಯಾರ ಹೆಸರಿಗೆ ಬರುತ್ತದೆ ಎಂಬುದು ಕೈಗೆಟುಕುವಿಕೆಯ ಭಾಗ. ನೆನಪಿಗೆ ನನ್ನ ಸೂತ್ರ: ಪಡಿತರ ಚೀಟಿಯಲ್ಲಿ ಯಜಮಾನಿ, ಆರ್‌ಟಿಸಿಯಲ್ಲಿ (ಜಮೀನಿನ ಪಹಣಿ) ಕಾಣೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ 18 ವರ್ಷ ತುಂಬಿದ ಹಿರಿಯ ಮಹಿಳೆಯೇ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಆದರೆ 2015-16ರ ಕೃಷಿ ಗಣತಿಯಲ್ಲಿ ಮಹಿಳೆಯರು ನಡೆಸುವ ಹಿಡುವಳಿಗಳು ಶೇ. 14ರಷ್ಟು ಮಾತ್ರ. ನಮ್ಮ ಕರಾವಳಿಯ ಅಳಿಯಸಂತಾನ ಪದ್ಧತಿಯನ್ನು ನೆನೆದು ಇಲ್ಲಿ ಮೋಸ ಹೋಗಬಾರದು. ವಂಶ ಹೆಣ್ಣಿನಿಂದ ಎಣಿಸಿದರೂ ಆಡಳಿತ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿತ್ತು. 2007ರ ರಾಷ್ಟ್ರೀಯ ಕೃಷಿಕರ ನೀತಿಯು ಗೇಣಿದಾರರನ್ನೂ ಕೃಷಿ ಕೂಲಿಗಳನ್ನೂ ಕೃಷಿಕರೆಂದೇ ಎಣಿಸುತ್ತದೆ, ಆದರೂ ಪಿಎಂ-ಕಿಸಾನ್ ಹಣಕ್ಕೆ ಭೂದಾಖಲೆಯಲ್ಲಿ ಹೆಸರು ಬೇಕು. ನೇಜಿ (ಭತ್ತದ ಸಸಿ) ನೆಟ್ಟವಳು ನೀತಿಯಲ್ಲಿ ಕೃಷಿಕಳು, ಈ ಯೋಜನೆಯ ಪಟ್ಟಿಯಲ್ಲಿ ಅಲ್ಲ.