ಪದ ಪರಿಚಯ: ವಿಮಾನ ಕಾಳಗದ ಗೇಮ್ ‘ಆರ್ಕೇಡ್’ ಅಂದರೆ ಏನರ್ಥ?

ಯುದ್ಧವಿಮಾನದ ಗೇಮ್‌ಗಳ ಮಾತು ಬಂದಾಗ ಒಬ್ಬರಾದರೂ "ಅಯ್ಯೋ, ಅದು ಬರೀ ಆರ್ಕೇಡ್ ಬಿಡಿ" ಎಂದು ಮೂಗು ಮುರಿಯುತ್ತಾರೆ. ಇನ್ನೊಬ್ಬರು "ಆರ್ಕೇಡ್ ಅಂದ್ರೆ ಹೀಗಿರಬೇಕು" ಎಂದು ಬೆನ್ನು ತಟ್ಟುತ್ತಾರೆ. ಒಂದೇ ಪದ, ಬೈಯಲೂ ಅದೇ, ಹೊಗಳಲೂ ಅದೇ.

ಆರ್ಕ್ ಅಂದರೆ ಕಮಾನು. ಕಮಾನುಗಳ ಸಾಲಿನ ಕೆಳಗಿನ ಓಣಿಗೆ ಆರ್ಕೇಡ್ ಎಂಬ ಹೆಸರು ಬಿತ್ತು. ಅಲ್ಲಿಗೆ ಅಂಗಡಿಗಳು ಬಂದವು, ಆಮೇಲೆ ನಾಣ್ಯ ಹಾಕಿ ಆಡುವ ಯಂತ್ರಗಳು ಬಂದವು. ಕೊನೆಗೆ ಹೆಸರು ಆ ಯಂತ್ರಗಳಿಗೇ ಅಂಟಿಕೊಂಡಿತು. ಸೆಗಾ ಕಂಪನಿಯ ಯುದ್ಧವಿಮಾನದ ಗೇಮ್ ‘ಆಫ್ಟರ್ ಬರ್ನರ್’ 1987ರಲ್ಲಿ ಬಂದಿದ್ದು ಇಂಥ ಯಂತ್ರವಾಗಿಯೇ. ಅದರ ದೊಡ್ಡ ಮಾದರಿಯಲ್ಲಿ ಸ್ಟಿಕ್ ವಾಲಿಸಿದರೆ ಕೂತ ಸೀಟೂ ವಾಲುತ್ತಿತ್ತು. ನಾಣ್ಯ ಹಾಕಿದವರಿಗೆ ಕೈಪಿಡಿ ಓದುವ ಪುರುಸೊತ್ತಿಲ್ಲ. ಅರ್ಧ ನಿಮಿಷದಲ್ಲಿ ಆಟ ಕೈಗೆ ಹತ್ತಬೇಕು, ಮೊದಲ ನಿಮಿಷದಲ್ಲೇ ಏನಾದರೂ ಸಿಡಿಯಬೇಕು. ಯಂತ್ರಗಳು ಮೂಲೆ ಸೇರಿದ ಮೇಲೂ ಆ ಗುಣ ಉಳಿಯಿತು. ಈಗ ಆರ್ಕೇಡ್ ಅಂದರೆ ಅದೇ.

ಇದರ ಎದುರು ಪದ ಸಿಮ್ಯುಲೇಟರ್, ಅಂದರೆ ನಿಜದ ಹಾರಾಟವನ್ನು ಆದಷ್ಟು ಹಾಗೇ ನಕಲು ಮಾಡುವ ಗೇಮ್; ಆಡುವವರ ಬಾಯಲ್ಲಿ ‘ಸಿಮ್’. ‘ಡಿಸಿಎಸ್ ವರ್ಲ್ಡ್’ನಂಥ ಸಿಮ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು ಕಲಿಯುವುದೇ ಒಂದು ಸಂಜೆಯ ಕೆಲಸ. ಅಷ್ಟು ಹೊತ್ತಿಗೆ ‘ಏಸ್ ಕಾಂಬ್ಯಾಟ್’ ಎಂಬ ಆರ್ಕೇಡ್ ಗೇಮ್‌ನಲ್ಲಿ ನೀವು ಅರ್ಧ ಸೈನ್ಯವನ್ನು ಕೆಡವಿರುತ್ತೀರಿ.

ಹಾಗಾದರೆ ಆರ್ಕೇಡ್ ಗೇಮ್ ಏನೇನು ಬಿಟ್ಟುಬಿಡುತ್ತದೆ? ಅಮೆರಿಕದ ಯುದ್ಧವಿಮಾನ ಎಫ್-22 ನಿಜದಲ್ಲಿ ತನ್ನ ಹೊಟ್ಟೆಯೊಳಗೆ ವಿಮಾನ ಹೊಡೆಯುವ 8 ಮಿಸೈಲ್ ಇಟ್ಟುಕೊಳ್ಳುತ್ತದೆ. ಅದರ ಗನ್ನಿಗೆ 480 ಗುಂಡು. ಟ್ರಿಗರ್ ಒತ್ತಿ ಹಿಡಿದರೆ ಸುಮಾರು 5 ಸೆಕೆಂಡಿಗೆ ಖಾಲಿ. 2019ರ ‘ಏಸ್ ಕಾಂಬ್ಯಾಟ್ 7’ರಲ್ಲಿ ಅದೇ ವಿಮಾನಕ್ಕೆ ಮಿಸೈಲ್ ಡಜನ್‌ಗಟ್ಟಲೆ. ಎಲ್ಲಿಟ್ಟಿದ್ದಾರೆ ಅಂತ ಕೇಳಬಾರದು! ನಿಜದ ಪೈಲಟ್ ಜೋರಾಗಿ ತಿರುವು ತೆಗೆದುಕೊಂಡರೆ ಮೈಭಾರ 9 ಪಟ್ಟಿನವರೆಗೂ ಏರಬಹುದು, ಕಣ್ಣು ಕತ್ತಲೆ ಬರಬಹುದು. ಗೇಮ್‌ನ ಪೈಲಟ್‌ಗೆ ಮೈಯೇ ಇಲ್ಲ.

ಇಷ್ಟೆಲ್ಲ ಬಿಟ್ಟಿದ್ದಕ್ಕೆ ಸಿಗುವ ಸುಖ ಸಣ್ಣದಲ್ಲ. ದೂರದ ಚುಕ್ಕಿಯ ಸುತ್ತ ಹಸಿರು ಚೌಕ. ಹಿಂದೆ ಬೀಳುತ್ತೀರಿ. ಚೌಕ ಕೆಂಪಾಗುತ್ತದೆ, ಬೀಪ್ ಸದ್ದು ಒಂದೇ ಉಸಿರಿಗೆ ಕೂಗತೊಡಗುತ್ತದೆ. "ಫಾಕ್ಸ್ ಟೂ!" ಅಂದರೆ ಮಿಸೈಲ್ ಬಿಟ್ಟೆ ಎಂಬ ಪೈಲಟ್ ಕೂಗು. ರೆಕ್ಕೆಯಡಿಯಿಂದ ಬಿಳಿ ಹೊಗೆಯ ಗೆರೆ ಹೊರಟು ಬಾಗುತ್ತದೆ. ಅಷ್ಟರಲ್ಲಿ ರೇಡಿಯೋದಲ್ಲಿ ಶತ್ರುಗಳೇ ನಿಮ್ಮ ಹೆಸರು ಹೇಳಿ ಗಾಬರಿಯಾಗಿರುತ್ತಾರೆ. ಸುಳ್ಳು ಅಂತ ಗೊತ್ತು, ಆದರೂ ಬೆನ್ನು ನೆಟ್ಟಗಾಗುತ್ತದೆ ಅಲ್ವಾ?

ತೊಂದರೆ ಶುರುವಾಗುವುದು ಐದನೆಯ ಮಿಷನ್ ಹೊತ್ತಿಗೆ. ನಿಜದ ವಿಮಾನ ಗಟ್ಟಿಯಾಗಿ ತಿರುಗಿದರೆ ವೇಗ ಕಳೆದುಕೊಳ್ಳುತ್ತದೆ. ಅದನ್ನು ವಾಪಸ್ ಪಡೆಯಲು ಎತ್ತರ ಬಿಟ್ಟುಕೊಡಬೇಕು. ಇಂಗ್ಲಿಷ್‌ನಲ್ಲಿ ಡಾಗ್‌ಫೈಟ್, ಅಂದರೆ ನಾಯಿಜಗಳ ಎಂದು ಕರೆಸಿಕೊಳ್ಳುವ ಈ ಹತ್ತಿರದ ಕಾಳಗದ ಬುದ್ಧಿವಂತಿಕೆಯೆಲ್ಲ ಆ ಕೊಡು-ಕೊಳ್ಳುವಿಕೆಯಲ್ಲಿದೆ. ಆರ್ಕೇಡ್‌ನಲ್ಲಿ ಒಂದು ಬಟನ್ ಒತ್ತಿದರೆ ವೇಗ ಪುಕ್ಕಟೆ. ಹಾಗಾಗಿ ಇಬ್ಬರೂ ತಿರುಗುತ್ತಾರೆ, ತಿರುಗುತ್ತಲೇ ಇರುತ್ತಾರೆ, ಗಾಣದ ಎತ್ತಿನ ಹಾಗೆ. ನೀವು ನೋಡುವುದು ಶತ್ರು ಇರುವ ಕಡೆ ತೋರಿಸುವ ಬಾಣದ ಗುರುತನ್ನು ಮಾತ್ರ. ಹೊಡೆದುರುಳಿಸಿದ ಮೇಲೂ ಅದು ಯಾವ ವಿಮಾನ ಅಂತ ಕಂಡಿರುವುದಿಲ್ಲ. ಮಿಸೈಲ್‌ಗೆ ಬರವಿಲ್ಲದ ಕಡೆ ಗುರಿ ತಪ್ಪಿದರೆ ನಷ್ಟವೂ ಇಲ್ಲ. ಖುಷಿ ಕೊಟ್ಟ ಧಾರಾಳವೇ ಬೇಜಾರನ್ನೂ ತಂದಿತು.

ಇನ್ನೊಂದು ಕೊರತೆ: ಖಾಲಿ ನೀಲಿ ಆಕಾಶದಲ್ಲಿ ವೇಗವೇ ಗೊತ್ತಾಗುವುದಿಲ್ಲ. ಅಳತೆಗೆ ಪಕ್ಕದಲ್ಲಿ ಏನಾದರೂ ಬೇಕು. ಅದಕ್ಕೇ ಈ ಗೇಮ್‌ಗಳು ನಿಮ್ಮನ್ನು ಕಣಿವೆಗೆ, ಸುರಂಗಕ್ಕೆ ನುಗ್ಗಿಸುತ್ತವೆ. ‘ಏಸ್ ಕಾಂಬ್ಯಾಟ್ 7’ ಮೋಡವನ್ನೂ ಆಟಕ್ಕೆ ಎಳೆಯಿತು. ಮೋಡದೊಳಗೆ ಹೊಕ್ಕರೆ ಮಿಸೈಲ್‌ನಿಂದ ತಪ್ಪಿಸಿಕೊಳ್ಳುವುದು ಸುಲಭ. ಜಾಸ್ತಿ ಹೊತ್ತು ಅಲ್ಲೇ ಇದ್ದರೆ ವಿಮಾನಕ್ಕೆ ಮಂಜು ಕಟ್ಟಿ ಹಾರಾಟ ಕೆಡುತ್ತದೆ. ಬಿಟ್ಟಿದ್ದರಲ್ಲಿ ಒಂದೇ ಒಂದು ಬೆಲೆಯನ್ನು ವಾಪಸ್ ತಂದರು, ಅಷ್ಟಕ್ಕೇ ಆಕಾಶಕ್ಕೆ ಜೀವ ಬಂತು. ನನ್ನ ಲೆಕ್ಕದಲ್ಲಿ ಒಳ್ಳೆಯ ಆರ್ಕೇಡ್ ಅಂದರೆ ಇಂಥದ್ದು.

ಹಾಗಂತ ಆರ್ಕೇಡ್, ಸಿಮ್ ಎರಡು ಬೇರೆ ಬೇರೆ ಡಬ್ಬಿಗಳೂ ಅಲ್ಲ. ‘ವಾರ್ ಥಂಡರ್’ ಎಂಬ ಗೇಮ್‌ನಲ್ಲಿ ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್ ಎಂದು ಮೂರು ಬಗೆಯ ಕಾಳಗ ಇವೆ. ಮೊದಲನೆಯದರಲ್ಲಿ ಎಲ್ಲಿಗೆ ಗುಂಡು ಹಾರಿಸಬೇಕೆಂದು ಗೇಮೇ ಗುರುತು ಹಾಕಿ ತೋರಿಸುತ್ತದೆ, ಖಾಲಿಯಾದ ಗುಂಡು ಹಾರುತ್ತಿರುವಾಗಲೇ ತುಂಬಿಕೊಳ್ಳುತ್ತವೆ.

ವರ್ಷಗಟ್ಟಲೆ ಆರ್ಕೇಡ್ ಆಡಿದ ಧೈರ್ಯದಲ್ಲಿ ನಾನು ಒಮ್ಮೆ ಒಂದು ಸಿಮ್‌ಗೆ ಕೈ ಹಾಕಿದೆ. ಅಭ್ಯಾಸಬಲ, ಸ್ಟಿಕ್ಕನ್ನು ಪೂರ್ತಿ ಎಳೆದು ಹಿಡಿದೆ. ಪರದೆ ಅಂಚಿನಿಂದ ಕಪ್ಪಾಗುತ್ತಾ ಬಂತು. ಮಾನಿಟರ್ ಕೆಟ್ಟಿತು ಅಂದುಕೊಂಡು ಹಿಂದಿನ ಕೇಬಲ್ ಅಲುಗಾಡಿಸಿದೆ. ಬೆಳಕು ಬರುವ ಹೊತ್ತಿಗೆ ಎದುರಿಗೆ ಬರೀ ನೆಲ ಇತ್ತು.