ಕ್ಯಾರಿಬೂ ದ್ವೀಪ: ದೀಪದ ಬೆಳಕಿಗೆ ಕಾಣದ ಆರು ಮಾರು

ಸುಪೀರಿಯರ್ ಸರೋವರದ ಪೂರ್ವ ಭಾಗದಲ್ಲಿ, ಮಿಶಿಪಿಕೋಟನ್ ದ್ವೀಪದಿಂದ ಸುಮಾರು 40 ಕಿ.ಮೀ. ದಕ್ಷಿಣಕ್ಕೆ, ಕೆನಡಾಕ್ಕೆ ಸೇರಿದ ಕ್ಯಾರಿಬೂ ಎಂಬ ನಡುಗಡ್ಡೆಯಿದೆ. ಜನವಸತಿ ಇಲ್ಲ. ದೀಪಸ್ತಂಭ ಇರುವುದು ಅದರ ನೈಋತ್ಯಕ್ಕೆ, ಕುದುರಿನಂಥ ಇನ್ನೊಂದು ಪುಟ್ಟ ತುಣುಕಿನ ಮೇಲೆ. ಮೊದಲ ದೀಪ ಹೊತ್ತಿದ್ದು 1886ರಲ್ಲಿ. ಈಗಿನ ಆರು ಮುಖದ ಕಾಂಕ್ರೀಟ್ ಗೋಪುರ 1911–12ರದು. ಗಾಳಿಗೆ ಜಗ್ಗದಿರಲೆಂದು ಸುತ್ತಲೂ ಕಾಂಕ್ರೀಟಿನದೇ ಓರೆ ಆನಿಕೆಗಳನ್ನು ಕೊಟ್ಟಿದ್ದಾರೆ.

ಆದರೆ ದ್ವೀಪದ ಅಪಾಯಕಾರಿ ಭಾಗ ನೀರಿನೊಳಗಿದೆ. ಉತ್ತರಕ್ಕಿರುವ ಆ ದಿಬ್ಬದ ಹೆಸರು ಸಿಕ್ಸ್ ಫ್ಯಾದಮ್ ಶೋಲ್, ಅಂದರೆ ಆರು ಮಾರು ದಿಬ್ಬ. ನಮ್ಮವರು ತೋಳು ಚಾಚಿ ಬಾವಿಹಗ್ಗ ಅಳೆಯುವ ಮಾರು ಹುಟ್ಟಿದ ಹಾಗೆಯೇ ಅವರ ಫ್ಯಾದಮ್ಮೂ ಹುಟ್ಟಿದ್ದು. ಆರು ಮಾರೆಂದರೆ 36 ಅಡಿ ನೀರು.

1975ರ ನವೆಂಬರ್ 10ರಂದು 26,000 ಟನ್ನಿಗೂ ಹೆಚ್ಚು ಅದಿರು ಹೊತ್ತ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಬಿರುಗಾಳಿಯಲ್ಲಿ ಈ ದಾರಿಯಾಗಿ ಬಂತು. 729 ಅಡಿ ಉದ್ದದ ಹಡಗು. ಅದರ ತಳ ಸುಮಾರು 27 ಅಡಿ ನೀರಿನೊಳಗೆ. ನೀರು ಶಾಂತವಾಗಿದ್ದರೆ ದಿಬ್ಬಕ್ಕೂ ತಳಕ್ಕೂ ಒಂಬತ್ತು ಅಡಿ ಅಂತರ ಸಿಗುತ್ತದೆ. ಹಡಗನ್ನೇ ಎತ್ತಿ ಕುಕ್ಕುವ ಅಲೆಗಳಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಹಿಂದೆ ಬರುತ್ತಿದ್ದ ಆರ್ಥರ್ ಆಂಡರ್ಸನ್ ಹಡಗಿನ ಕ್ಯಾಪ್ಟನ್ ಕೂಪರ್, ಅದು ದಿಬ್ಬಕ್ಕೆ ತೀರಾ ಹತ್ತಿರ ಹೋಯಿತೆಂದೇ ನಂಬಿದ್ದರು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಫಿಟ್ಜ್‌ಜೆರಾಲ್ಡ್‌ನ ಕ್ಯಾಪ್ಟನ್ ಮೆಕ್‌ಸೋರ್ಲಿ ರೇಡಿಯೋದಲ್ಲಿ ತಿಳಿಸಿದರು: ಕಟಾಂಜನ ಮುರಿದಿದೆ, ಎರಡು ಗಾಳಿಕೊಳವೆ ಹೋಗಿವೆ, ಹಡಗು ವಾಲುತ್ತಿದೆ. ಸಂಜೆ ಏಳು ದಾಟಿದ ಮೇಲೆ ಹಡಗು ರೇಡಾರ್‌ನಿಂದ ಮರೆಯಾಯಿತು. 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಜಗಳ ಶುರುವಾದದ್ದು ಆಮೇಲೆ. 1977ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆ, ಸರಕುಕೋಣೆಯ ಮುಚ್ಚಳಗಳು ನೀರು ತಡೆಯಲಿಲ್ಲ ಎಂದಿತು. ಹಡಗು ಮಾಲೀಕರ ಸಂಘ ಅದನ್ನು ಒಪ್ಪದೆ ಕ್ಯಾರಿಬೂ ದಿಬ್ಬದ ಕಡೆ ಬೆರಳು ತೋರಿಸಿತು. ಅವರ ವಾದಕ್ಕೆ ಬಲ ಕೊಟ್ಟದ್ದು ನಕ್ಷೆ. ಹಡಗುಗಳು ನೆಚ್ಚಿದ್ದ ನಕ್ಷೆಯ ಆಳಗಳು 1916 ಮತ್ತು 1919ರ ಸರ್ವೆಯವು. 1976ರಲ್ಲಿ ಕೆನಡಾ ಮತ್ತೆ ಅಳೆದಾಗ, ದಿಬ್ಬ ನಕ್ಷೆಯಲ್ಲಿದ್ದುದಕ್ಕಿಂತ ಸುಮಾರು ಒಂದು ಮೈಲಿ ಪೂರ್ವಕ್ಕೆ ಚಾಚಿರುವುದು ಕಂಡಿತು. ಒಂದು ಮೈಲಿ! ಬಿರುಗಾಳಿಯಲ್ಲಿ ಸಿಕ್ಕ ಹಡಗಿಗೆ ಅದು ಸಣ್ಣ ತಪ್ಪಲ್ಲ.

ಹಾಗೆಂದು ನಕ್ಷೆ ತಪ್ಪಿದ್ದೇ ಹಡಗು ತಾಗಿದ್ದಕ್ಕೆ ಸಾಕ್ಷಿಯಾಗದು ಎಂಬುದು ನನ್ನ ಅಭಿಪ್ರಾಯ. 530 ಅಡಿ ಆಳದಲ್ಲಿ, ಎರಡು ತುಂಡಾದ ಹಡಗಿನ ಹಿಂಭಾಗ ಮಗುಚಿ ಬಿದ್ದಿದೆ. ಮೇಲ್ಮುಖವಾದ ಆ ತಳದಲ್ಲಿ ಬಂಡೆ ತಾಗಿದ ಗುರುತು ಸಿಕ್ಕಿಲ್ಲ. ಮುಂಭಾಗ ನೆಟ್ಟಗೆ ಕೂತಿದೆ, ಅದರ ತಳ ಕೆಸರಿನೊಳಗಿದೆ.