ನಾಲ್ಕೂವರೆ ಗಂಟೆಯ ದಾರಿ, ಆದರೆ ವಿಮಾನ ಇಲ್ಲ

ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಲಾಂಗ್‌ಇಯರ್‌ಬೀನ್ ಎಂಬ ಪುಟ್ಟ ಊರಿದೆ. ವೇಳಾಪಟ್ಟಿ ಇಟ್ಟುಕೊಂಡು ಪ್ರಯಾಣಿಕರ ವಿಮಾನಗಳು ಬಂದುಹೋಗುವ ನಿಲ್ದಾಣಗಳಲ್ಲಿ ಜಗತ್ತಿನ ಅತಿ ಉತ್ತರದ್ದು ಇಲ್ಲಿಯದು. ಇನ್ನೊಂದು ಊರು ಅಲಾಸ್ಕಾದ ಉತ್ತರ ತುದಿಯ ಉಟ್ಕಿಯಾಗ್ವಿಕ್. 2016ರವರೆಗೆ ಅದರ ಅಧಿಕೃತ ಹೆಸರು ಬ್ಯಾರೋ. ಇವೆರಡರ ನಡುವೆ ಎಷ್ಟು ದೂರ?

ಶಾಲೆಯ ಗೋಡೆಯಲ್ಲಿ ತೂಗುವ ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಆ ಗೆರೆ ಹಿಡಿದೇ ಹಾರಿದರೆ ಸುಮಾರು 5,000 ಕಿ.ಮೀ. ಆಗುತ್ತದೆ. ಈಗ ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ದೂರ 3,380 ಕಿ.ಮೀ.ಗೆ ಇಳಿಯುತ್ತದೆ! ಎರಡೂ ಊರುಗಳ ರೇಖಾಂಶಗಳ ನಡುವಿನ ಅಂತರ ಸುಮಾರು 172 ಡಿಗ್ರಿ. ಅಂದರೆ ಒಂದು ಊರು ಉತ್ತರ ಧ್ರುವದ ಈಚೆ, ಇನ್ನೊಂದು ಹೆಚ್ಚೂಕಡಿಮೆ ಅದರ ನೇರ ಆಚೆ. ದಾರ ಧ್ರುವದಿಂದ ನೂರಹತ್ತು ಕಿ.ಮೀ. ಪಕ್ಕದಲ್ಲೇ ಹಾದುಹೋಗುತ್ತದೆ. ಹಟ ಹಿಡಿದು ಧ್ರುವದ ನೆತ್ತಿಯ ಮೇಲೇ ಹಾರಿದರೂ ಜಾಸ್ತಿಯಾಗುವುದು ಹತ್ತು ಕಿ.ಮೀ.ಗಿಂತ ಕಡಿಮೆ.

ಈ ದಾರಿಯಲ್ಲಿ ದಿಕ್ಕುಗಳದ್ದೇ ಒಂದು ತಮಾಷೆ. ಉತ್ತರಕ್ಕೆ ಹೊರಟ ಪೈಲಟ್ ಎಲ್ಲೂ ತಿರುಗದೆ ನೇರವಾಗಿ ಹೋಗುತ್ತಾನೆ. ಆದರೂ ಕೊನೆಗೆ ಅವನು ಹಾರುತ್ತಿರುವುದು ದಕ್ಷಿಣಕ್ಕೆ. ಧ್ರುವದ ಬಳಿ ರೇಖಾಂಶಗಳೆಲ್ಲ ಒಟ್ಟಿಗೆ ಸೇರುವುದರಿಂದ ದಿಕ್ಕಿನ ಡಿಗ್ರಿ ಸರಸರ ಬದಲಾಗುತ್ತದೆ. ಕಾಂತ ದಿಕ್ಸೂಚಿಯನ್ನೂ ನಂಬುವಂತಿಲ್ಲ. ಅಲ್ಲಿ ಭೂಮಿಯ ಕಾಂತಕ್ಷೇತ್ರ ಬಹುಮಟ್ಟಿಗೆ ನೆಲದ ಕಡೆಗೇ ಇಳಿಯುತ್ತದೆ, ಮುಳ್ಳನ್ನು ಅಡ್ಡಕ್ಕೆ ಎಳೆಯುವ ಬಲ ತೀರಾ ಕಡಿಮೆ. ಅದಕ್ಕೇ ನಕ್ಷೆಯ ಮೇಲೆ ಚೌಕುಳಿ ಗೆರೆಗಳನ್ನು ಹಾಕಿ, ತಮ್ಮದೇ ಒಂದು 'ಉತ್ತರ'ವನ್ನು ಗೊತ್ತುಮಾಡಿಕೊಂಡು ಹಾರುವ ಪದ್ಧತಿ ಬಂತು.

ಸಮಯದ ಲೆಕ್ಕ ಸುಲಭ. ಜೆಟ್ ವಿಮಾನ ಗಂಟೆಗೆ 850 ಕಿ.ಮೀ. ಹೋದರೆ ನಾಲ್ಕು ಗಂಟೆ ಹಾರಾಟ, ಏರಿಳಿಯಲು ಇನ್ನರ್ಧ ಗಂಟೆ. ಎದುರುಗಾಳಿ ಇದ್ದರೆ ಇನ್ನಷ್ಟು. ಆದರೆ ಅಲಾಸ್ಕಾದ ಗಡಿಯಾರ ಹತ್ತು ಗಂಟೆ ಹಿಂದಿದೆ. ಮಧ್ಯಾಹ್ನ 12ಕ್ಕೆ ಹೊರಟವರು ಅದೇ ದಿನ ಬೆಳಗ್ಗೆ 6.30ಕ್ಕೆ ಇಳಿಯುತ್ತಾರೆ. ತಿಂಡಿ ಎರಡು ಸಲ!

ಆದರೆ ಈ ವಿಮಾನ ಇಲ್ಲವೇ ಇಲ್ಲ. ಒಂದು ಊರಲ್ಲಿ ಎರಡೂವರೆ ಸಾವಿರ ಜನ, ಇನ್ನೊಂದರಲ್ಲಿ ಐದು ಸಾವಿರದ ಆಸುಪಾಸು. ಟಿಕೆಟ್ ಕೊಳ್ಳುವವರು ಯಾರು? 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ಧ್ರುವದ ಮೇಲಿಂದಲೇ ಬಂತು. ಎರಡೂ ತುದಿಯಲ್ಲಿ ಜನ ಇದ್ದರು, ಬಂತು ಅಷ್ಟೇ. ಲಾಂಗ್‌ಇಯರ್‌ಬೀನ್‌ನವರು ಉಟ್ಕಿಯಾಗ್ವಿಕ್‌ಗೆ ಆಸ್ಲೊ, ಸಿಯಾಟಲ್, ಆಂಕರೇಜ್ ಸುತ್ತಿ ಹೋಗುತ್ತಾರೆ ಎಂದಿಟ್ಟುಕೊಳ್ಳೋಣ. ಸುಮಾರು 12,800 ಕಿ.ಮೀ. ಆಗುತ್ತದೆ, ನೇರ ದಾರಿಯ ನಾಲ್ಕು ಪಟ್ಟು ಹತ್ತಿರ. ಹಾರಾಟಕ್ಕೇ ಹದಿನೆಂಟು ಗಂಟೆ ಬೇಕು. ನಡುವೆ ಕಾಯುವುದನ್ನೂ ಸೇರಿಸಿದರೆ ಒಂದು ದಿನ ದಾಟುತ್ತದೆ.

ಅಲಾಸ್ಕಾ ಮತ್ತು ಸ್ವಾಲ್‌ಬಾರ್ಡ್ ನಡುವಿನ ಈ ದೂರವನ್ನು, ಧ್ರುವದಿಂದ ಸ್ವಲ್ಪ ದೂರದ ದಾರಿ ಹಿಡಿದು, 1928ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಪೈಲಟ್ ಕಾರ್ಲ್ ಬೆನ್ ಐಲ್ಸನ್ ಒಂದೇ ಎಂಜಿನ್ನಿನ, ಮರದ ಮೈಯ ಲಾಕ್‌ಹೀಡ್ ವೇಗಾ ವಿಮಾನದಲ್ಲಿ ಬ್ಯಾರೋದಿಂದ ಹೊರಟು, ಇಪ್ಪತ್ತು ಗಂಟೆ ಚಿಲ್ಲರೆಯಲ್ಲಿ ದಾಟಿದ್ದರು. ಸುಮ್ನೆ ಹೋಲಿಸಿದರೆ ಅವರೇ ಬೇಗ ತಲುಪಿದರು ಅನ್ನಬೇಕು, ಅಲ್ವಾ? ಆದರೆ ಬಿರುಗಾಳಿಗೆ ಸಿಕ್ಕಿ ಸ್ವಾಲ್‌ಬಾರ್ಡ್‌ನ ಜನವಿಲ್ಲದ ಒಂದು ದ್ವೀಪದಲ್ಲಿ ಇಳಿದವರು, ಅಲ್ಲಿಂದ ಮತ್ತೆ ಮೇಲೇಳಲು ಐದು ದಿನ ಕಾಯಬೇಕಾಯಿತು.